ಕಥೆಯ ಕೊನೆ ಯಾರ ಸೊತ್ತು?

೨೦೧೨ನೆಯ ಇಸವಿಯ ಮಾರ್ಚ್ ತಿಂಗಳು. ಒಂದು ಬೆಳಗ್ಗೆ ಬಸವನಗುಡಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಬಾಗಿಲು ತೆರೆದವಳೇ, "ಅಣ್ಣಾ, ನೀನಾದರೂ ಸ್ವಲ್ಪ ವಿಚಾರಿಸು. ಹುಡುಗ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ತಿಂಡಿಗೂ ಏಳಲೊಲ್ಲ" ಎಂದಳು. ಅವನಿಗೆ ಆಗ ಇಪ್ಪತ್ತೊಂದು ವರ್ಷ. ಎಂಜಿನಿಯರಿಂಗಿನ ಕೊನೆಯ ವರ್ಷ. ಪರೀಕ್ಷೆಯಲ್ಲಿ ಏನಾದರೂ ಎಡವಟ್ಟಾಯಿತೋ ಎಂದುಕೊಂಡು ಕೋಣೆಗೆ ಹೋದೆ. ಕಂಪ್ಯೂಟರಿನ ಮುಂದೆ ಕೈಕಟ್ಟಿಕೊಂಡು ಕುಳಿತಿದ್ದ. ಬಹಳ ಹೊತ್ತಿನ ಮೇಲೆ, "ನಾಲ್ಕು ವರ್ಷ ಆಡಿದ್ದೆ, ಮಾಮ. ಹೀಗಾ ಮುಗಿಸೋದು?" ಎಂದ.

"ಆಟ ತಾನೆ?" ಎಂದು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಆ ನಗೆಗೆ ಪ್ರಾಯಶ್ಚಿತ್ತವೆಂಬಂತೆ, ಅಂದು ಅವನನ್ನು ಅಷ್ಟು ಕಂಗೆಡಿಸಿದ ಸಂಗತಿ ಏನೆಂದು ಅಂದಿನಿಂದ ವಿಚಾರಿಸುತ್ತ ಬಂದಿದ್ದೇನೆ. ಅದು ಒಬ್ಬ ಹುಡುಗನ ಮುನಿಸಲ್ಲ. ಆ ವಾರಗಳಲ್ಲಿ ಭೂಮಂಡಲದ ನಾನಾ ಕಡೆ ಸಾವಿರಾರು ಮಂದಿ ಅವನಂತೆಯೇ ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದರೆಂದು ಆಮೇಲೆ ತಿಳಿಯಿತು. ಅವರೆಲ್ಲ ಸೇರಿ ಕೇಳಿದ ಪ್ರಶ್ನೆ ಬಹಳ ಹಳೆಯದು: ಕಥೆ ಯಾರದು? ಹೇಳುವವನದೋ, ಕೇಳುವವನದೋ?

ಆಟದ ಹೆಸರು 'ಮಾಸ್ ಎಫೆಕ್ಟ್'. ಇದನ್ನು ಕಟ್ಟಿದ್ದು ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಎಂಬ ಸಂಸ್ಥೆ. ಮೂವರು ವೈದ್ಯರು ಸೇರಿ ೧೯೯೫ರಲ್ಲಿ ಆರಂಭಿಸಿದ ಸಂಸ್ಥೆ ಇದು ಎಂದು ಕೇಳಿದಾಗ ನನಗೆ ಸೋಜಿಗವೆನಿಸಿತು. ಆಟದ ಮೊದಲ ಭಾಗ ೨೦೦೭ರಲ್ಲಿ, ಎರಡನೆಯದು ೨೦೧೦ರಲ್ಲಿ, ಮೂರನೆಯದು ೨೦೧೨ರ ಮಾರ್ಚ್ ೬ರಂದು ಹೊರಬಿದ್ದವು. ಶೆಪರ್ಡ್ ಎಂಬ ಸೇನಾನಿ ಇದರ ನಾಯಕ, ಅಥವಾ ನಾಯಕಿ. ಗಂಡೋ ಹೆಣ್ಣೋ, ಮುಖಲಕ್ಷಣ ಎಂಥದೋ, ಸ್ವಭಾವ ಮೃದುವೋ ಕಠಿಣವೋ, ಎಲ್ಲವನ್ನೂ ಆಡುವವರೇ ತೀರ್ಮಾನಿಸಬೇಕು. ನನ್ನ ಸೋದರಳಿಯನ ಶೆಪರ್ಡ್ ಹೆಣ್ಣು. ಐವತ್ತು ಸಾವಿರ ವರ್ಷಗಳಿಗೊಮ್ಮೆ ಬ್ರಹ್ಮಾಂಡದ ಕತ್ತಲೆಯಿಂದ ಹೊರಟುಬಂದು, ಮುಂದುವರಿದ ಜೀವಕುಲಗಳನ್ನೆಲ್ಲ ಪೈರು ಕೊಯ್ದಂತೆ ಕೊಯ್ದುಹಾಕುವ 'ರೀಪರ್' ಎಂಬ ದೈತ್ಯ ಯಂತ್ರಗಳನ್ನು ಆಕೆ ತಡೆಯಬೇಕು. ಕಥೆಯ ಎಲುಬು ಇಷ್ಟೆ.

ಇಷ್ಟೇ ಆಗಿದ್ದರೆ ಯಾರೂ ನಿದ್ದೆಗೆಡುತ್ತಿರಲಿಲ್ಲ. ಈ ಆಟದ ಹೊಸತನವೆಂದರೆ, ಮೊದಲ ಭಾಗದಲ್ಲಿ ಮಾಡಿದ ಆಯ್ಕೆಗಳು ಎರಡನೆಯದಕ್ಕೂ ಮೂರನೆಯದಕ್ಕೂ ಆಟಗಾರನ ಹಿಂದೆಯೇ ಬರುತ್ತಿದ್ದವು. ಒಂದು ಘಟ್ಟದಲ್ಲಿ ಜೊತೆಯ ಇಬ್ಬರು ಯೋಧರಲ್ಲಿ ಒಬ್ಬರನ್ನು ಮಾತ್ರ ಉಳಿಸಲು ಸಾಧ್ಯ. ಸತ್ತವರು ಸತ್ತರು; ಐದು ವರ್ಷದ ಮೇಲೆ ಬಂದ ಮೂರನೆಯ ಭಾಗದಲ್ಲಿಯೂ ಅವರ ಜಾಗ ಖಾಲಿ. ತನ್ನ ಕುಲವೇ ಸಂತಾನ ಕಾಣದಂತೆ ರೋಗ ಹಚ್ಚಲ್ಪಟ್ಟ ಕ್ರೋಗನ್ ಎಂಬ ಜನಾಂಗವೊಂದು ಬರುತ್ತದೆ. ಅವರಿಗೆ ಮದ್ದು ಕೊಡಬೇಕೋ ಕೂಡದೋ? ಗೆತ್ ಎಂಬ ಯಂತ್ರಜೀವಿಗಳಿಗೂ ಅವುಗಳನ್ನು ನಿರ್ಮಿಸಿದ ಕ್ವೇರಿಯನ್ನರಿಗೂ ತಲೆಮಾರುಗಳ ಹಗೆ. ಹಿಂದಿನ ಆಯ್ಕೆಗಳನ್ನು ಜೋಪಾನವಾಗಿ ಮಾಡಿಕೊಂಡು ಬಂದವನಿಗೆ ಮಾತ್ರ ಅವರಿಬ್ಬರಲ್ಲಿ ರಾಜಿ ಮಾಡಿಸುವ ದಾರಿ ತೆರೆಯುತ್ತದೆ. ನಮ್ಮ ಹುಡುಗ ೨೦೦೮ರಲ್ಲಿ, ಪಿಯುಸಿ ಓದುತ್ತಿದ್ದಾಗ ಮೊದಲ ಭಾಗ ಹಿಡಿದವನು. ನಡುವೆ ಹಳೆಯ ಕಂಪ್ಯೂಟರ್ ಕೆಟ್ಟು ಎಲ್ಲವೂ ಅಳಿಸಿಹೋದಾಗ, ಅದೇ ಆಯ್ಕೆಗಳನ್ನು ನೆನಪಿನಿಂದ ಮತ್ತೊಮ್ಮೆ ಮಾಡಿಕೊಂಡು ಬಂದನಂತೆ. ಇದನ್ನು ಆಟ ಎನ್ನಬೇಕೋ ವ್ರತ ಎನ್ನಬೇಕೋ ನನಗೆ ತಿಳಿಯದು.

ಇಷ್ಟೆಲ್ಲ ಆದ ಮೇಲೆ ಕೊನೆ ಬಂತು. ಕಡೆಯ ಹತ್ತು ನಿಮಿಷದಲ್ಲಿ, ಅದುವರೆಗೆ ಕಥೆಯಲ್ಲಿ ಸುಳಿವೇ ಇಲ್ಲದಿದ್ದ ಒಂದು ಶಕ್ತಿ ಬಾಲಕನ ರೂಪದಲ್ಲಿ ಎದುರು ನಿಂತು ಮಾತಾಡುತ್ತದೆ. ಯಂತ್ರಗಳು ಎಂದಿದ್ದರೂ ತಮ್ಮ ನಿರ್ಮಾತೃಗಳ ಮೇಲೆ ತಿರುಗಿಬಿದ್ದು ಜೀವಸಂಕುಲವನ್ನೇ ಅಳಿಸುತ್ತವೆ. ಅದಾಗದಿರಲೆಂದೇ ಯುಗಕ್ಕೊಮ್ಮೆ ಈ ಕೊಯ್ಲು ಎಂದು ಸಮಜಾಯಿಷಿ ಕೊಡುತ್ತದೆ. ಆಮೇಲೆ ಮೂರು ದಾರಿ ತೋರಿಸುತ್ತದೆ: ಯಂತ್ರಗಳನ್ನೆಲ್ಲ ನಾಶಮಾಡು, ಅವುಗಳನ್ನು ವಶಪಡಿಸಿಕೋ, ಇಲ್ಲವೆ ಯಂತ್ರವನ್ನೂ ಜೀವವನ್ನೂ ಬೆರೆಸಿ ಒಂದು ಮಾಡು. ಯಾವುದನ್ನು ಆರಿಸಿದರೂ ಕಣ್ಣಿಗೆ ಕಾಣುವುದು ಹೆಚ್ಚುಕಡಮೆ ಒಂದೇ ದೃಶ್ಯ. ಬೆಳಕಿನ ಬಣ್ಣ ಮಾತ್ರ ಬೇರೆ: ಒಮ್ಮೆ ಕೆಂಪು, ಒಮ್ಮೆ ನೀಲಿ, ಒಮ್ಮೆ ಹಸುರು. ನಕ್ಷತ್ರಗಳ ನಡುವಣ ಹಾದಿಗಳು ಒಡೆದುಹೋಗುತ್ತವೆ. ಶೆಪರ್ಡಳ ಹಡಗು ಯಾವುದೋ ಕಾಡಿನಲ್ಲಿ ಬೀಳುತ್ತದೆ. ಮುಗಿಯಿತು.

"ಶೆಪರ್ಡ್ ಸತ್ತಳೆಂದು ಬೇಜಾರೇ?" ಎಂದು ಹುಡುಗನನ್ನು ಕೇಳಿದೆ. "ಅಲ್ಲ ಮಾಮ. ಅವಳು ಸಾಯಬಹುದು ಅಂತ ಗೊತ್ತಿತ್ತು. ಯಂತ್ರಕ್ಕೂ ಮನುಷ್ಯರಿಗೂ ಹೊಂದಾಣಿಕೆ ಆಗೋದೇ ಇಲ್ಲ ಅಂತ ಆ ಮಗು ಹೇಳುತ್ತೆ. ನಾನು ಹಿಂದಿನ ವಾರವಷ್ಟೇ ರಾಜಿ ಮಾಡಿಸಿದ್ದೀನಿ. ಅದನ್ನ ಎತ್ತಿ ಹೇಳೋಕೆ ಒಂದು ಮಾತೂ ನನಗೆ ಕೊಡಲಿಲ್ಲ" ಎಂದ. ಅವನ ದುಃಖ ಕೇಳಿ ನನಗೆ ನಗು ಬಂದಿತ್ತು. ಅವನ ವಾದ ಕೇಳಿದಾಗ ಬರಲಿಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಯನ್ನೇ ಕರೆಯದೆ ತೀರ್ಪು ಹೇಳಿದರೆ ಯಾರಿಗಾದರೂ ಹೀಗೆಯೇ ಅನ್ನಿಸೀತು.

ಬೇರೆಯವರ ಆಕ್ಷೇಪಣೆಯೂ ಬಹುಮಟ್ಟಿಗೆ ಇದೇ. ಇದರ ಜೊತೆಗೆ ಕೊಟ್ಟ ಮಾತಿನ ಪ್ರಶ್ನೆಯೂ ಇತ್ತು. ಆಟದ ನಿರ್ದೇಶಕ ಕೇಸಿ ಹಡ್ಸನ್, ಇದರ ಕೊನೆ ಒಂದು, ಎರಡು, ಮೂರು ಎಂದು ಎಣಿಸಿ ಹೇಳುವಂಥದಾಗಿರುವುದಿಲ್ಲ ಎಂಬರ್ಥದ ಮಾತನ್ನು ಬಿಡುಗಡೆಗೆ ಮುಂಚೆ ಪತ್ರಿಕೆಯವರಿಗೆ ಹೇಳಿದ್ದರು. ಜನ ಬೆರಳು ಮಡಿಸಿ ಎಣಿಸಿದರು. ಸರಿಯಾಗಿ ಮೂರೇ ಬಂತು. ಮೊದಲ ಭಾಗದ ಮುಖ್ಯ ಲೇಖಕ ಡ್ರೂ ಕಾರ್ಪಿಷಿನ್ ಮೂರನೆಯದರ ಹೊತ್ತಿಗೆ ಇರಲಿಲ್ಲ. ಆ ಭಾರ ಮ್ಯಾಕ್ ವಾಲ್ಟರ್ಸ್ ಅವರ ಮೇಲಿತ್ತು. ಹೊಲಿಗೆ ಬಿಟ್ಟದ್ದು ಅಲ್ಲಿಯೇ ಎಂದು ಕೆಲವರು ಹೇಳಿದರು. ಎಲ್ಲ ಮುಗಿದ ಮೇಲೆ ತೆರೆಯ ಮೇಲೆ ಒಂದು ಪ್ರಕಟಣೆ ಬೇರೆ ಬರುತ್ತಿತ್ತು: ಶೆಪರ್ಡರ ಕೀರ್ತಿಯನ್ನು ಇನ್ನೂ ಬೆಳೆಸಬೇಕಾದರೆ ಮುಂದೆ ಬರುವ ಹೆಚ್ಚಿನ ಭಾಗಗಳನ್ನು ಆಡಿರಿ ಎಂದು. ಸೂತಕದ ಮನೆಯ ಬಾಗಿಲಲ್ಲಿ ಅಂಗಡಿ ತೆರೆದಂತಾಯಿತು.

ಮುಂದೆ ನಡೆದದ್ದು ಚರಿತ್ರೆಯಲ್ಲಿ ಬರೆದಿಡಬೇಕಾದ ಜಗಳ. ಆಟವನ್ನು ಮರಳಿ ಪಡೆಯೋಣ ಎಂಬ ಘೋಷಣೆಯ ಕೆಳಗೆ ಅಭಿಮಾನಿಗಳು ಒಂದುಗೂಡಿದರು. ಬರಿಯ ಬೈಗುಳದಿಂದ ಕೆಲಸವಾಗದೆಂದು, ಆಸ್ಪತ್ರೆಗಳಲ್ಲಿರುವ ಮಕ್ಕಳಿಗೆ ಆಟಿಕೆ ಒದಗಿಸುವ 'ಚೈಲ್ಡ್ಸ್ ಪ್ಲೇ' ಎಂಬ ಧರ್ಮಸಂಸ್ಥೆಗೆ ಚಂದಾ ಎತ್ತಿದರು. ಎರಡು ವಾರದೊಳಗೆ ೮೦,೦೦೦ ಡಾಲರು ದಾಟಿತು. ಕೊನೆಗೆ ಆ ಸಂಸ್ಥೆಯೇ ನಿಲ್ಲಿಸಿರೆಂದು ಕೇಳಿಕೊಂಡಿತು. ಹೊಸ ಮುಕ್ತಾಯಕ್ಕೆ ಬೆಲೆಯಾಗಿ ಹಣ ಕಟ್ಟುತ್ತಿದ್ದೇವೆಂದು ಕೆಲವರು ತಿಳಿದುಕೊಂಡಿದ್ದರಂತೆ. ಇನ್ನು ಕೆಲವರು ಎಡ್ಮಂಟನ್ ಕಚೇರಿಗೆ ನಾನೂರು ಪುಟ್ಟ ಕೇಕುಗಳನ್ನು ಕಳುಹಿಸಿದರು. ಮೇಲೆ ಕೆಂಪು, ನೀಲಿ, ಹಸುರು ಬಣ್ಣ. ಕಚ್ಚಿದರೆ ಎಲ್ಲಕ್ಕೂ ಒಂದೇ ರುಚಿ. ಇಷ್ಟು ಚೊಕ್ಕಟವಾದ ವಿಮರ್ಶೆಯನ್ನು ಪತ್ರಿಕೆಗಳಲ್ಲಿ ಓದಿದ ನೆನಪು ನನಗಿಲ್ಲ. ಸಂಸ್ಥೆಯವರು ಅದನ್ನು ಊರಿನ ನಿರಾಶ್ರಿತ ತರುಣರ ತಂಗುಮನೆಗೆ ಕೊಟ್ಟುಬಿಟ್ಟರು. ಜಾಹೀರಾತಿನಲ್ಲಿ ಮೋಸವಾಯಿತೆಂದು ದೂರುಗಳೂ ಹೋದವು. ಬ್ರಿಟನ್ನಿನಲ್ಲಿ ಜಾಹೀರಾತುಗಳ ಮೇಲ್ವಿಚಾರಣೆ ನೋಡುವ ಮಂಡಲಿ ವಿಚಾರಿಸಿ, ತಪ್ಪಿಲ್ಲವೆಂದು ಬಿಟ್ಟಿತು.

ಎಲ್ಲರೂ ಸಭ್ಯರಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಬರೆದವರನ್ನು ಹೆಸರು ಹಿಡಿದು ಹೀನಾಯವಾಗಿ ನಿಂದಿಸಿದವರಿದ್ದರು. ಎದುರುಪಕ್ಷದವರೂ ಸುಮ್ಮನಿರಲಿಲ್ಲ. ಕಲೆಗಾರನ ಕೈಹಿಡಿದು ತಿದ್ದಿಸುವುದು ಅನ್ಯಾಯ, ಇಂದು ಗದ್ದಲಕ್ಕೆ ಮಣಿದರೆ ನಾಳೆ ಯಾರೂ ಧೈರ್ಯವಾಗಿ ಒಂದು ಕಥೆ ಬರೆಯರು ಎಂದು ವಾದಿಸಿದರು. ಇವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಈ ಎರಡು ಗುಂಪುಗಳ ನಡುವೆ ಮೂರನೆಯದೊಂದು ಹುಟ್ಟಿತು. ನನಗೆ ಹೆಚ್ಚು ಮರುಕ ಹುಟ್ಟಿಸಿದವರು ಇವರೇ. ರೀಪರುಗಳಿಗೆ ಮನಸ್ಸನ್ನು ಮೆಲ್ಲಮೆಲ್ಲನೆ ತಮ್ಮತ್ತ ತಿರುಗಿಸಿಕೊಳ್ಳುವ ಶಕ್ತಿಯುಂಟು. ಆದುದರಿಂದ ಕಡೆಯ ದೃಶ್ಯವೆಲ್ಲ ಶೆಪರ್ಡಳಿಗೆ ಹತ್ತಿದ ಭ್ರಮೆ, ನಿಜವಾದ ಕೊನೆ ಇನ್ನೂ ಬರಬೇಕಾಗಿದೆ ಎಂದು ಇವರ ಸಿದ್ಧಾಂತ. ಶಾಸನ ಓದುವ ಪಂಡಿತರಂತೆ ಗಿಡಮರದ ನೆರಳುಗಳಲ್ಲಿಯೂ ಸಾಕ್ಷ್ಯ ಹುಡುಕಿದರು. ತಾವು ಪ್ರೀತಿಸಿದವರು ತಪ್ಪುಮಾಡಿದರೆಂದು ಒಪ್ಪುವುದಕ್ಕಿಂತ, ತಮಗೆ ಅರ್ಥವಾಗದ ಜಾಣತನವೇನೋ ಇದೆ ಎಂದು ನಂಬುವುದು ಹಿತವಲ್ಲವೆ? ಅದು ಪೂರ್ತಿ ಅಭಿಮಾನಿಗಳ ಕಲ್ಪನೆ ಎಂದು ಆಟವನ್ನು ಬರೆದವರಲ್ಲೊಬ್ಬರು ವರ್ಷಗಳ ಮೇಲೆ ಹೇಳಿದರು.

ಬಯೋವೇರ್ ಸ್ಥಾಪಕರಲ್ಲೊಬ್ಬರಾದ ರೇ ಮುಜೈಕಾ ಮಾರ್ಚ್ ೨೧ರಂದು ಬಹಿರಂಗ ಪತ್ರ ಬರೆದು, ಜನರ ನೋವು ತಮಗೆ ತಟ್ಟಿದೆಯೆಂದರು. ಜೂನ್ ೨೬ರಂದು ವಿಸ್ತರಿಸಿದ ಮುಕ್ತಾಯವೊಂದು ಬಿಟ್ಟಿಯಾಗಿ ಹೊರಬಂತು. ಕೊನೆ ಬದಲಾಗಲಿಲ್ಲ, ವಿವರ ಬೆಳೆಯಿತು. ಯಾರು ಉಳಿದರು, ಯಾವ ಕುಲ ಏನಾಯಿತು ಎಂಬುದನ್ನು ತೋರಿಸಿದರು. ಒಡೆದ ಹಾದಿಗಳು ದುರಸ್ತಿಯಾಗಬಲ್ಲವೆಂದರು. ಮೂರು ದಾರಿಯನ್ನೂ ಒಲ್ಲೆನೆನ್ನುವ ನಾಲ್ಕನೆಯದೊಂದನ್ನೂ ಸೇರಿಸಿದರು. ಅದನ್ನು ಹಿಡಿದವರಿಗೆ ಸೋಲೇ ಗತಿ; ಗೆಲುವು ಮುಂದಿನ ಯುಗದವರಿಗೆ. ಹಟಮಾಡಿದ ಅಭಿಮಾನಿಗಳಿಗೆ ಇದು ಗೌರವವೋ ಮೊಟಕೋ ಎಂದು ಇಂದಿಗೂ ವಾದವಿದೆ. ಕೆಲವರು ಸಮಾಧಾನಗೊಂಡರು, ಕೆಲವರು ಇಲ್ಲ.

ಹಿಂದಿನವರು ಹೀಗೆ ಜಗಳವಾಡಲಿಲ್ಲವೆಂದು ತಿಳಿಯಬಾರದು. ೧೬೮೧ರಲ್ಲಿ ನಹಮ್ ಟೇಟ್ ಎಂಬಾತ ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕವನ್ನು ತಿದ್ದಿ, ಕಾರ್ಡೀಲಿಯಾಳನ್ನು ಬದುಕಿಸಿ, ಮದುವೆಯನ್ನೂ ಮಾಡಿಸಿದ. ಇಂಗ್ಲಿಷ್ ರಂಗಭೂಮಿ ನೂರೈವತ್ತು ವರ್ಷದಷ್ಟು ಕಾಲ ಆ ತಿದ್ದುಪಡಿಯನ್ನೇ ಮೆಚ್ಚಿ ಆಡಿತು. ಡಾಕ್ಟರ್ ಜಾನ್ಸನ್ನನಂಥ ವಿಮರ್ಶಕನೂ ಆಕೆಯ ಸಾವನ್ನು ಎರಡನೆಯ ಸಲ ಓದಲು ಹಿಂಜರಿದಿದ್ದ. ಡಿಕನ್ಸ್ ೧೮೬೧ರಲ್ಲಿ ಸ್ನೇಹಿತ ಬುಲ್ವರ್ ಲಿಟ್ಟನ್ನನ ಮಾತು ಕೇಳಿ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯ ಕೊನೆಯನ್ನು ಮೃದುಮಾಡಿದ. ೧೮೯೩ರಲ್ಲಿ ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ನೂಕಿದ. ಹತ್ತು ವರ್ಷದ ಮೇಲೆ ಎಬ್ಬಿಸಿ ಕೂರಿಸಬೇಕಾಯಿತು. ನಮ್ಮ ಭವಭೂತಿಯಾದರೂ, ವಾಲ್ಮೀಕಿಯ ಸೀತೆ ಭೂಮಿಗಿಳಿದರೆ, ತನ್ನ 'ಉತ್ತರರಾಮಚರಿತ'ದಲ್ಲಿ ಅವಳನ್ನು ರಾಮನ ಪಕ್ಕಕ್ಕೇ ತಂದು ನಿಲ್ಲಿಸಲಿಲ್ಲವೆ?

ಆದರೆ ಒಂದು ವ್ಯತ್ಯಾಸವುಂಟು. ಹೋಮ್ಸನನ್ನು ಓದಿದವನು ಓದಿದವನಷ್ಟೆ. ಅವನು ಹೋಮ್ಸನ ಪರವಾಗಿ ಯಾವ ತೀರ್ಮಾನವನ್ನೂ ಮಾಡಿರಲಿಲ್ಲ. ಇಲ್ಲಿ ಆಟಗಾರನನ್ನು ಮೊದಲ ದಿನದಿಂದಲೇ ಕರೆದು, ನೀನೂ ಈ ಕಥೆಯ ಕರ್ತೃ ಎಂದು ಕೂರಿಸಿದ್ದರು. ಪಾಲುಗಾರನೆಂದು ಕರೆದವನನ್ನು ಲೆಕ್ಕ ಮುಗಿಸುವ ದಿನ ಹೊರಗೆ ನಿಲ್ಲಿಸಿದರೆ ಅವನು ಕೂಗಾಡದೆ ಇನ್ನೇನು ಮಾಡಿಯಾನು? ಹಾಗೆಂದು ಕಥೆಯನ್ನು ಹಣ ಕೂಡಿಸಿ, ದೂರು ಬರೆದು ಬದಲಾಯಿಸಿಕೊಳ್ಳಬಹುದು ಎಂದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಲೆಕ್ಕ ಕೇಳುವ ಹಕ್ಕು ಪಾಲುಗಾರನಿಗೆ ಉಂಟು. ಲೆಕ್ಕ ತನಗೆ ಬೇಕಾದಂತೆಯೇ ಬರಬೇಕೆನ್ನುವ ಹಕ್ಕಿಲ್ಲ. ಆಟಗಾರರಲ್ಲಿ ವಿವೇಕಿಗಳು ಕೇಳಿದ್ದು ಸುಖಾಂತವನ್ನಲ್ಲ, ಲೆಕ್ಕವನ್ನು. ಆ ಮಟ್ಟಿಗೆ ಅವರು ಸರಿಯೆಂದೇ ನನ್ನ ಎಣಿಕೆ.

ನಾನು ಚಿಕ್ಕವನಾಗಿದ್ದಾಗ ನಮ್ಮಜ್ಜಿ ಗೋವಿನ ಹಾಡು ಹೇಳುತ್ತಿದ್ದಳು. ಪುಣ್ಯಕೋಟಿ ಮಾತಿಗೆ ತಪ್ಪದೆ ಹಿಂತಿರುಗಿ ಬಂದಳೆಂದು ಸಂತೋಷವಾಗುತ್ತಿತ್ತು. ಹುಲಿ ಹಾರಿ ಪ್ರಾಣಬಿಡುವಾಗ ಅಳು ಬರುತ್ತಿತ್ತು. "ಹುಲಿ ಸಾಯಬಾರದು ಅಜ್ಜಿ, ಬದುಕಿಸು" ಎಂದು ಹಟಮಾಡುತ್ತಿದ್ದೆ. "ನಾನು ಬದುಕಿಸಿದರೆ ನಾಳೆ ಅದು ಏನು ತಿನ್ನಬೇಕು, ನೀನೇ ಹೇಳು ಮಗು" ಎನ್ನುತ್ತಿದ್ದಳು. ಉತ್ತರ ಹೊಳೆಯದೆ ನಿದ್ದೆ ಹೋಗುತ್ತಿದ್ದೆ. ಅವಳು ಕೊನೆಯನ್ನು ಬದಲಾಯಿಸಲಿಲ್ಲ. ಆದರೆ ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದಳು.

ವಿಚಿತ್ರವೆಂದರೆ, ಮಾಸ್ ಎಫೆಕ್ಟಿನ ಕಟ್ಟಕಡೆಯ ದೃಶ್ಯವೂ ಇಂಥದೇ. ಎಷ್ಟೋ ಕಾಲದ ಮೇಲೆ ಒಬ್ಬ ಮುದುಕ ಮಗುವಿಗೆ ಶೆಪರ್ಡಳ ಕಥೆ ಹೇಳಿ ಮುಗಿಸುತ್ತಾನೆ. ಚಂದ್ರನ ಮೇಲೆ ಕಾಲಿಟ್ಟ ಎರಡನೆಯ ಮನುಷ್ಯ ಬಜ್ ಆಲ್ಡ್ರಿನ್ ಆ ಮುದುಕನಿಗೆ ದನಿಕೊಟ್ಟಿದ್ದಾರೆ. ಮಗು ಇನ್ನೊಂದು ಕಥೆ ಬೇಕೆನ್ನುತ್ತದೆ. ಹೊತ್ತಾಯಿತೆಂದರೂ ಮುದುಕ ಒಪ್ಪಿಕೊಳ್ಳುತ್ತಾನೆ.

೨೦೨೧ರ ಮೇ ತಿಂಗಳಲ್ಲಿ ಮೂರು ಭಾಗಗಳನ್ನೂ ಹೊಸದಾಗಿ ಮೆರುಗುಕೊಟ್ಟು ಒಟ್ಟಿಗೆ ಹೊರತಂದರು. ನನ್ನ ಸೋದರಳಿಯನಿಗೆ ಆಗ ಮೂವತ್ತು; ಮನೆಯಲ್ಲಿ ಮೂರು ವರ್ಷದ ಮಗಳು. ಮತ್ತೆ ಮೊದಲಿನಿಂದ ಆಡಿದನಂತೆ. "ಈ ಸಲ ಕೊನೆ ಹೇಗನ್ನಿಸಿತು?" ಎಂದು ಕೇಳಿದೆ. "ಕೊನೆಯವರೆಗೂ ಹೋಗಲಿಲ್ಲ, ಮಾಮ" ಎಂದ. ೨೦೧೩ರಲ್ಲಿ ಸೇರಿಸಿದ ಒಂದು ಭಾಗದಲ್ಲಿ, ಉಳಿದುಬಂದ ಸಂಗಾತಿಗಳೆಲ್ಲ ಶೆಪರ್ಡಳ ಮನೆಯಲ್ಲಿ ಸೇರಿ ನಕ್ಕು ನಲಿಯುವ ಒಂದು ರಾತ್ರಿ ಬರುತ್ತದೆ. ಮರುದಿನ ಬೆಳಗ್ಗೆ ಎಲ್ಲರೂ ಹಡಗು ಹತ್ತುವ ಹೊತ್ತಿಗೆ ಅವನು ಕಂಪ್ಯೂಟರ್ ಆರಿಸಿಬಿಟ್ಟನಂತೆ.

ಮೊನ್ನೆ ಅವನ ಮಗಳಿಗೆ ಗೋವಿನ ಹಾಡು ಹೇಳುವ ಸರದಿ ನನಗೆ ಬಂತು. ಪುಣ್ಯಕೋಟಿ ಹಿಂತಿರುಗಿ ಬಂದು ಹುಲಿಯ ಎದುರು ನಿಂತಲ್ಲಿಗೆ, ಸುಮ್ಮನೆ ಅಳಿಸುವುದೇಕೆಂದು ನಿಲ್ಲಿಸಿದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತ, "ಆಮೇಲೆ, ತಾತಾ?" ಎಂದಳು. ಬಾಗಿಲಲ್ಲಿ ನಿಂತಿದ್ದ ಅವಳಪ್ಪನ ಕಡೆ ನೋಡಿದೆ. ಅವನು, ಹೇಳಿ ಎಂಬಂತೆ ತಲೆಯಾಡಿಸಿದ. ಹೇಳಿದೆ.