ಅಸ್ತ್ರ ಒಲೆಯ ಹೊಗೆಕೊಳವೆಯ ಶುಚೀಕರಣ

ಅಸ್ತ್ರ ಒಲೆಯ ಹೊಗೆಕೊಳವೆಯಲ್ಲಿ ಕಟ್ಟುವ ಮಸಿಯನ್ನು ಕಾಲಕಾಲಕ್ಕೆ ತೆಗೆಯುವ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಈ ಸೌದೆ ಒಲೆಯಲ್ಲಿ ಬಿಸಿ ಹೊಗೆ ಮೂರು ಪಾತ್ರೆಗಳ ಅಡಿ ಹಾದು ಕೊಳವೆಯ ಮೂಲಕ ಮಾಡಿನಾಚೆ ಹೋಗುತ್ತದೆ. ಪೂರ್ತಿ ಉರಿಯದ ಇಂಗಾಲದ ಕಣಗಳು ಕೊಳವೆಯ ಒಳಮೈಗೆ ಅಂಟುತ್ತವೆ. ಹಸಿ ಸೌದೆಯಾದರೆ ಜಿಗುಟು ಟಾರೂ ಸೇರಿ ಪದರ ಗಟ್ಟಿಯಾಗುತ್ತದೆ. ದಾರಿ ಕಿರಿದಾದಂತೆ ಗಾಳಿಯ ಎಳೆತ ಕುಗ್ಗಿ, ಒಲೆಯ ಬಾಯಿಂದಲೇ ಹೊಗೆ ಅಡುಗೆಮನೆಗೆ ನುಗ್ಗುತ್ತದೆ. ಮಸಿಗೆ ಕಿಡಿ ತಗುಲಿ ಬೆಂಕಿ ಹೊತ್ತುವ ಅಪಾಯವೂ ಇದೆ. ಒಲೆ ಪೂರ್ತಿ ಆರಿದ ಮೇಲೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉದ್ದ ಕೋಲಿನ ತುದಿಗೆ ಬಿಗಿದ ತೆಂಗಿನ ನಾರು ಅಥವಾ ಗೋಣಿಬಟ್ಟೆಯಿಂದ ಕೊಳವೆಯನ್ನು ಮೇಲಿನಿಂದ ಉಜ್ಜಬೇಕು. ಬುಡಕ್ಕೆ ಉದುರಿದ ಮಸಿಯನ್ನೂ ಪಾತ್ರೆಗಳ ನಡುವಿನ ದಾರಿಯ ಬೂದಿಯನ್ನೂ ತೆಗೆಯಬೇಕು. ಒಣ ಸೌದೆ ಬಳಸಿದರೆ ಮಸಿ ಕಡಿಮೆ ಕಟ್ಟುತ್ತದೆ.