ವಾದಸಭೆಯಲ್ಲಿ ಶ್ರದ್ಧೆ ಮತ್ತು ತರ್ಕ

ಭಾರತೀಯ ದರ್ಶನಗಳಲ್ಲಿ ಶ್ರದ್ಧೆಯೂ ತರ್ಕವೂ ಮುಖಾಮುಖಿಯಾದದ್ದು ವಾದದ ಸಂಪ್ರದಾಯದಲ್ಲಿ. ವೇದವನ್ನು ಒಪ್ಪದ ಬೌದ್ಧನ ಮುಂದೆ ವೇದವಾಕ್ಯ ಸಾಕ್ಷಿಯಾಗದು. ಜಿನವಚನವನ್ನು ಒಪ್ಪದ ವೈದಿಕನ ಮುಂದೆ ಜೈನಾಗಮವೂ ಅಷ್ಟೇ. ಎದುರಾಳಿಗೂ ಸಮ್ಮತವಾಗುವ ಪ್ರಮಾಣವನ್ನೇ ಹುಡುಕಬೇಕಾದ ಈ ಅನಿವಾರ್ಯತೆ ನಂಬಿಕೆಯುಳ್ಳವರನ್ನೇ ತಾರ್ಕಿಕರನ್ನಾಗಿಸಿತು. ನ್ಯಾಯಸೂತ್ರವು ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದವನ್ನು ಗೆಲುವಿಗಾಗಿ ನಡೆಯುವ ಜಲ್ಪದಿಂದಲೂ, ಸ್ವಪಕ್ಷವಿಲ್ಲದೆ ಬರೀ ಖಂಡಿಸುವ ವಿತಂಡದಿಂದಲೂ ಬೇರ್ಪಡಿಸಿತು. ಸೋಲಿಗೆ ಕಾರಣವಾಗುವ 22 ನಿಗ್ರಹಸ್ಥಾನಗಳನ್ನೂ ಹೇಳಿತು.

ಈ ಸಂಪ್ರದಾಯಕ್ಕೆ ಎಷ್ಟು ಗೌರವವಿತ್ತೆಂಬುದಕ್ಕೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಸಾಕ್ಷಿ. ಮಲ್ಲಿಷೇಣ ಮುನಿಗಳ ಸಮಾಧಿಮರಣದ ನೆನಪಿಗೆ ಕೆತ್ತಿಸಿದ ಈ ಶಾಸನದಲ್ಲಿ ಅವರ ಗುರುಪರಂಪರೆಯ ವಾದವಿಜಯಗಳಿಗೂ ದೊಡ್ಡ ಸ್ಥಾನವಿದೆ. ಪಾಟಲಿಪುತ್ರ, ಮಾಳವ, ಸಿಂಧು, ಕಂಚಿಗಳಲ್ಲಿ ವಾದದ ಭೇರಿ ಬಾರಿಸಿದ ಸಮಂತಭದ್ರನೂ, ಹಿಮಶೀತಲನ ಸಭೆಯಲ್ಲಿ ಬೌದ್ಧರನ್ನು ಜಯಿಸಿದ ಅಕಲಂಕನೂ ಅಲ್ಲಿ ಬರುತ್ತಾರೆ.

ಸಮಂತಭದ್ರನ ‘ಆಪ್ತಮೀಮಾಂಸೆ’ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಎದುರಾಳಿಯನ್ನು ಪರೀಕ್ಷಿಸುವ ಮೊದಲೇ ಅದು ತನ್ನ ಆರಾಧ್ಯನನ್ನು ಪರೀಕ್ಷೆಗೆ ನಿಲ್ಲಿಸುತ್ತದೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಸೇವೆ ಇವೆಲ್ಲ ಮಾಯಾವಿಗಳಲ್ಲೂ ಕಾಣುವುದರಿಂದ ಜಿನನ ಹಿರಿಮೆಗೆ ಅವು ಆಧಾರವಲ್ಲ. ಅವನ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗದಿರುವುದೇ ಆಧಾರ. ಹಾಗೆಂದು ಆಗಮವನ್ನು ಸಮಂತಭದ್ರ ಕೈಬಿಡುವುದಿಲ್ಲ. ಹೇಳುವವನು ಆಪ್ತನಲ್ಲದಿದ್ದರೆ, ಅಂದರೆ ನಂಬಲರ್ಹನಲ್ಲದಿದ್ದರೆ, ವಿಷಯವನ್ನು ಹೇತುವಿನಿಂದ ಸಾಧಿಸಬೇಕು, ಆಪ್ತನಾದರೆ ಅವನ ವಾಕ್ಯದಿಂದಲೇ ಅದು ಸಿದ್ಧ ಎನ್ನುತ್ತಾನೆ. ಭಕ್ತಿಗ್ರಂಥವೊಂದು ಇಷ್ಟು ನಿರ್ಭಯವಾಗಿ ಆರಂಭವಾಗುವುದು ಅಪರೂಪ. ಈ ಗ್ರಂಥಕ್ಕೆ ವ್ಯಾಖ್ಯಾನವಾಗಿ ಅಕಲಂಕ ‘ಅಷ್ಟಶತಿ’ಯನ್ನೂ, ಅದನ್ನು ಒಳಗೊಂಡು ವಿದ್ಯಾನಂದ ‘ಅಷ್ಟಸಹಸ್ರಿ’ಯನ್ನೂ ಬರೆದರು.

ವೇದಾಂತಿಗಳ ದಾರಿ ಬೇರೆ. ಒಬ್ಬ ತಾರ್ಕಿಕ ಕಟ್ಟಿದ್ದನ್ನು ಅವನಿಗಿಂತ ಜಾಣನಾದ ಇನ್ನೊಬ್ಬ ಕೆಡಹುವುದರಿಂದ ಒಣತರ್ಕಕ್ಕೆ ನೆಲೆಯಿಲ್ಲವೆಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ವಾದಿಸಿದರು. ಆದರೆ ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದೆಂದು ಗೀತಾಭಾಷ್ಯದಲ್ಲಿ ಬರೆದವರೂ ಅವರೇ. ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರನನ್ನು ಅನುಮಾನದಿಂದಲೇ ಸಾಧಿಸಲು ಹೊರಟರೆ, ಅದು ಆಗದ ಕೆಲಸವೆಂದು ರಾಮಾನುಜರು ಶ್ರೀಭಾಷ್ಯದಲ್ಲಿ ತೋರಿಸಿದರು. ಮಧ್ವರಿಗೂ ವಿಷ್ಣು ಸದಾಗಮದಿಂದ ಮಾತ್ರ ತಿಳಿಯತಕ್ಕವನು. ಆದರೂ ಶ್ರುತಿ ತನಗೆ ಆಸರೆಯಾದ ಪ್ರತ್ಯಕ್ಷವನ್ನು ಅಲ್ಲಗಳೆಯುವಂತೆ ಅರ್ಥ ಹೇಳುವುದನ್ನು ಅವರು ಒಪ್ಪಲಿಲ್ಲ.

ದೇವರನ್ನು ಶಾಸ್ತ್ರಕ್ಕೇ ಬಿಟ್ಟುಕೊಟ್ಟ ಮಧ್ವರ ಪರಂಪರೆಯಲ್ಲೇ ಅತಿ ಸೂಕ್ಷ್ಮ ತರ್ಕಗ್ರಂಥಗಳು ಹುಟ್ಟಿದವು. ವಿಜಯನಗರದಲ್ಲಿ ರಾಜಮನ್ನಣೆ ಪಡೆದಿದ್ದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನ್ಯಾಯಮತವನ್ನೂ, ‘ನ್ಯಾಯಾಮೃತ’ದಲ್ಲಿ ಅದ್ವೈತವನ್ನೂ ವಿಮರ್ಶಿಸಿದರು. ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ಯಲ್ಲಿ ‘ನ್ಯಾಯಾಮೃತ’ದ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದರು. ಆ ಉತ್ತರಕ್ಕೆ ವ್ಯಾಸರಾಮಾಚಾರ್ಯರ ‘ತರಂಗಿಣಿ’, ಅದಕ್ಕೆ ಮರುತ್ತರವಾಗಿ ಗೌಡ ಬ್ರಹ್ಮಾನಂದರ ‘ಚಂದ್ರಿಕೆ’ ಬಂದವು. ರಾಜಸಭೆಯ ವಾದ ಹೀಗೆ ತಲೆಮಾರುಗಳ ಗ್ರಂಥವಾದವಾಗಿ ಬೆಳೆಯಿತು.