ವಿಯೆಟ್ನಾಂ ಬಿಟ್ಟವರ ಕಲೆ

1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಪತನವಾಗಿ ವಿಯೆಟ್ನಾಂ ಯುದ್ಧ ಮುಗಿಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 8 ಲಕ್ಷ ವಿಯೆಟ್ನಾಮಿಗರು ದೋಣಿಗಳಲ್ಲಿ ಕಡಲು ದಾಟಿ ಪರದೇಶದ ದಡ ಮುಟ್ಟಿದರು. ಅಮೆರಿಕದಲ್ಲಿ ನೆಲೆ ಕಂಡವರ ಮಕ್ಕಳಿಗೆ ತಮ್ಮ ಯುದ್ಧ ಮತ್ತೆ ಎದುರಾದದ್ದು ಸಿನಿಮಾ ಪರದೆಯ ಮೇಲೆ. ‘ಅಪೋಕ್ಯಾಲಿಪ್ಸ್ ನೌ’ (1979), ‘ಪ್ಲಟೂನ್’ (1986) ಮೊದಲಾದ ಚಿತ್ರಗಳಲ್ಲಿ ಸಂಕಟವೆಲ್ಲ ಅಮೆರಿಕನ್ ಸೈನಿಕನದು. ವಿಯೆಟ್ನಾಮಿಗರು ಗುಂಡೇಟಿಗೆ ಬೀಳುವ ಹೆಸರಿಲ್ಲದ ಜನ. ಈ ತಲೆಮಾರಿನವರು ಕಲಾವಿದರಾದಾಗ ಮೊದಲು ಕೈಹಾಕಿದ್ದು ಆ ಬಿಂಬಗಳಿಗೇ.

ಅದಕ್ಕೆ ನಾಂದಿ ಹಾಡಿದವರಲ್ಲಿ ಟ್ರಿನ್ ಟಿ. ಮಿನ್-ಹಾ ಒಬ್ಬರು. 1989ರ ‘ಸರ್‌ನೇಮ್ ವಿಯೆತ್ ಗಿವನ್ ನೇಮ್ ನಾಮ್’ ಚಿತ್ರದಲ್ಲಿ, ವಿಯೆಟ್ನಾಮಿನ ಹೆಂಗಸರು ಕೊಟ್ಟ ಸಂದರ್ಶನಗಳನ್ನು ಅಮೆರಿಕದಲ್ಲಿದ್ದ ವಿಯೆಟ್ನಾಮಿ ಹೆಂಗಸರ ಬಾಯಲ್ಲಿ ಆಡಿಸಿದರು. ಇದು ಅಭಿನಯವೆಂದು ತಿಳಿಯುವ ಹೊತ್ತಿಗೆ, ಸಾಕ್ಷ್ಯಚಿತ್ರವನ್ನು ಕಣ್ಣುಮುಚ್ಚಿ ನಂಬಿದ್ದ ಪ್ರೇಕ್ಷಕರಿಗೆ ಗಲಿಬಿಲಿ.

ದಿನ್ ಕ್ಯೂ. ಲೆ (1968–2024) ಕತ್ತರಿ ಹಿಡಿದರು. ಕಾಂಬೋಡಿಯಾ ಗಡಿಯ ಹಾ ತಿಯೆನ್‌ನಲ್ಲಿ ಹುಟ್ಟಿದ ಅವರು, ಅಲ್ಲಿನ ಖ್ಮೇರ್ ರೂಜ್ ಪಡೆಗಳ ದಾಳಿಗೆ ಬೆದರಿ 1978ರಲ್ಲಿ ಕುಟುಂಬದೊಂದಿಗೆ ಊರು ಬಿಟ್ಟವರು. ಎಳವೆಯಲ್ಲಿ ಮನೆಯ ಹಿರಿಯ ಹೆಂಗಸೊಬ್ಬರಿಂದ ಹುಲ್ಲಿನ ಚಾಪೆ ಹೆಣೆಯಲು ಕಲಿತಿದ್ದರು. ಅದೇ ವಿದ್ಯೆಯನ್ನು ಛಾಯಾಚಿತ್ರಗಳಿಗೆ ತಂದರು. ‘ಫ್ರಮ್ ವಿಯೆಟ್ನಾಂ ಟು ಹಾಲಿವುಡ್’ ಸರಣಿಯಲ್ಲಿ ಸಿನಿಮಾ ದೃಶ್ಯದ ಪಟ್ಟಿ ಹಾಸಾದರೆ ಯುದ್ಧವರದಿಯ ಚಿತ್ರದ ಪಟ್ಟಿ ಹೊಕ್ಕು. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಚೌಕಗಳು; ಎರಡು ಹೆಜ್ಜೆ ಹಿಂದೆ ಸರಿದರೆ ನಟನ ಮುಖದೊಳಗಿಂದ ಇನ್ನೊಂದು ಮುಖ ಇಣುಕುತ್ತದೆ.

ಆನ್-ಮಿ ಲೆ ಹಿಡಿದದ್ದು ಕ್ಯಾಮೆರಾ. ವರ್ಜೀನಿಯಾ, ನಾರ್ತ್ ಕ್ಯಾರೊಲಿನಾಗಳ ಕಾಡಿನಲ್ಲಿ ಹವ್ಯಾಸಿಗಳು ವಿಯೆಟ್ನಾಂ ಯುದ್ಧವನ್ನು ಮರಳಿ ಆಡುತ್ತಿದ್ದರು. ‘ಸ್ಮಾಲ್ ವಾರ್ಸ್’ (1999–2002) ಸರಣಿಗಾಗಿ ಅವರನ್ನು ಚಿತ್ರಿಸುತ್ತ ಲೆ ತಾವೂ ಆಟಕ್ಕಿಳಿದು, ವಿಯೆತ್ ಕಾಂಗ್ ಗೆರಿಲ್ಲಾ ಪಾತ್ರ ವಹಿಸಿದರು.

ದಾನ್ ವೋ ಬಿಂಬ ಬಿಟ್ಟು ವಸ್ತುಗಳ ಕಡೆ ಹೊರಳಿದರು. 1979ರಲ್ಲಿ ಅವರ ಕುಟುಂಬವಿದ್ದ ದೋಣಿಯನ್ನು ಡೆನ್ಮಾರ್ಕಿನ ಹಡಗೊಂದು ಕಡಲಿನಲ್ಲಿ ಕಂಡು ರಕ್ಷಿಸಿತ್ತು. ‘ಓಮಾ ಟೋಟೆಮ್’ (2009) ಅವರ ಅಜ್ಜಿಯ ಕಥೆ: ಜರ್ಮನಿಗೆ ಬಂದಿಳಿದಾಗ ನೆರವಾಗಿ ಸಿಕ್ಕ ವಾಷಿಂಗ್ ಮೆಷಿನ್, ಫ್ರಿಜ್, ಟಿವಿ ಒಂದರ ಮೇಲೊಂದು, ಜೊತೆಗೆ ಚರ್ಚಿನವರು ಕೊಟ್ಟ ಶಿಲುಬೆ. ನಿರಾಶ್ರಿತೆಗೆ ಏನು ಬೇಕೆಂದು ಊರವರೇ ತೀರ್ಮಾನಿಸಿದ್ದರು.

ಇಷ್ಟರಲ್ಲಿ ಕೆಲವರು ವಿಯೆಟ್ನಾಮಿಗೆ ಮರಳತೊಡಗಿದ್ದರು. ದಿನ್ ಕ್ಯೂ. ಲೆ, ಟಿಫನಿ ಚಂಗ್, ತುವಾನ್ ಆಂಡ್ರೂ ನುಯೆನ್ ಮತ್ತು ಫುನಾಮ್ ಸೇರಿ 2007ರಲ್ಲಿ ಹೋ ಚಿ ಮಿನ್ ನಗರದಲ್ಲಿ ‘ಸಾನ್ ಆರ್ಟ್’ ಎಂಬ ಕಲಾಕೇಂದ್ರ ಕಟ್ಟಿದರು. ಅಲ್ಲಿಂದಾಚೆ ಸ್ಮರಣೆಯ ಜೊತೆಗೆ ದಾಖಲೆಯೂ ಕೆಲಸದ ಭಾಗವಾಯಿತು. ನಿರಾಶ್ರಿತರು ಹೋದ ದಾರಿಗಳ ನಕಾಶೆಗಳನ್ನು ಚಂಗ್ ಬಿಡಿಸಿದರು, ಕಸೂತಿಯಲ್ಲಿ ಹೊಲಿದರು. ಸಿರಿಯಾದ ನಿರಾಶ್ರಿತರನ್ನೂ ಆ ನಕಾಶೆಗಳಿಗೆ ತಂದರು. 2023ರಲ್ಲಿ ಅವರ ನಕಾಶೆ ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕದ ಸಮೀಪ ನೆಲದ ಮೇಲೆ ಹರಡಿತು. ಸ್ಮಾರಕದ ಗೋಡೆಯಲ್ಲಿರುವ 58,000ಕ್ಕೂ ಹೆಚ್ಚು ಹೆಸರುಗಳು ಅಮೆರಿಕನ್ ಸೇನೆಯವರವು.

ತುವಾನ್ ಆಂಡ್ರೂ ನುಯೆನ್ ಅವರು ಕ್ವಾಂಗ್ ತ್ರಿ ಪ್ರಾಂತ್ಯದ ಗುಜರಿ ಅಂಗಡಿಗಳಿಗೆ ಹೋದರು. ಅಲ್ಲಿನ ಯುದ್ಧಕಾಲದ ಬಾಂಬು, ಶೆಲ್ಲುಗಳ ಲೋಹ ಅವರ ಕೈಯಲ್ಲಿ ತೂಗುವ ಶಿಲ್ಪವಾಯಿತು. ಅದಕ್ಕೂ ಮೊದಲು, 2019ರಲ್ಲಿ, ಅವರು ಸೆನೆಗಲ್‌ನ ಡಕಾರ್‌ನಲ್ಲಿ ಚಿತ್ರ ಮಾಡಿದ್ದರು. ಇಂಡೋಚೈನಾದಲ್ಲಿ ಫ್ರಾನ್ಸಿನ ಪರ ಕಾದಾಡಿದ ಸೆನೆಗಲ್ ಸೈನಿಕರಲ್ಲಿ ಕೆಲವರು ವಿಯೆಟ್ನಾಮಿನ ಹೆಂಡತಿ, ಮಕ್ಕಳೊಂದಿಗೆ ಊರಿಗೆ ಮರಳಿದ್ದರು. ಅವರ ಸಂತತಿಯವರೇ ಚಿತ್ರಕ್ಕಾಗಿ ತಮ್ಮ ಹಿರಿಯರ ಸಂಭಾಷಣೆಗಳನ್ನು ಕಲ್ಪಿಸಿ ಬರೆದರು.